ಹಿಲ್ ವ್ಯೂ ಇದೆ, ಗುಡ್ಡ ಮಾತ್ರ ಕೇಳಬೇಡಿ

ಕಲಬುರಗಿಗೆ ಇನ್ನೊಂದು ರಿಂಗ್ ರಸ್ತೆ ಬೇಕು, ಬರುತ್ತದೆ, ಬಂದೇ ಬಿಟ್ಟಿತು ಅನ್ನುವ ಮಾತು ಮತ್ತೆ ಶುರುವಾಗಿದೆಯಲ್ಲ, ಅದಕ್ಕೆ ನನ್ನ ತಕರಾರೇನೂ ಇಲ್ಲ. ರಸ್ತೆ ಬರಲಿ, ಬಿಡಲಿ. ಅದರ ಎರಡೂ ಬದಿಯ ಪ್ಲಾಟುಗಳು ಆಗಲೇ ಬಂದಿವೆ. ಕಮಾನು ಎದ್ದಿದೆ, ಕಮಾನಿಗೆ ಬಣ್ಣ ಬಿದ್ದಿದೆ. ಅದರಾಚೆ ಕಣ್ಣು ಹಾಯುವವರೆಗೆ ಸುಣ್ಣ ಬಳಿದ ಕಲ್ಲುಗಳು.

ಊರು ಹೇಗೆ ಬೆಳೆಯುತ್ತದೆ ಅಂತ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ. 1925ರಲ್ಲಿ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಶಿಕಾಗೋ ನಗರವನ್ನು ನೋಡಿ ಸುತ್ತು ಸುತ್ತಾಗಿ ಗೆರೆ ಎಳೆದರು. ನಡುವೆ ವ್ಯಾಪಾರ, ಆಮೇಲೆ ಹಳೇ ಮನೆ-ಕಾರ್ಖಾನೆ, ಆಮೇಲೆ ದುಡಿಯುವವರು, ಕೊನೆಗೆ ಉಳ್ಳವರು. ಜನ ಬರುತ್ತಾ ಹೋದಂತೆ ಒಳಗಿನ ಸುತ್ತು ಹೊರಗಿನದನ್ನು ತಳ್ಳುತ್ತದಂತೆ. ಪಾಪ, ಅವರು ಸೇಡಂ ರಸ್ತೆ ನೋಡಿರಲಿಲ್ಲ. ನಮ್ಮಲ್ಲಿ ಮೊದಲು ಮಾರಾಟವಾಗುವುದೇ ಹೊರಗಿನ ಸುತ್ತು. ಊರ ನಡುವಿನ ಪೇಟೆ ಸೂಪರ್ ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗ ಇಲ್ಲ, ಲೇಔಟಿನಲ್ಲಿ ಕಾಲಿಡುವವರೇ ಇಲ್ಲ.

ಜನಗಣತಿಯವರ ಲೆಕ್ಕ ಬೇರೆ. ಒಂದು ಜಾಗವನ್ನು ಪಟ್ಟಣ ಅನ್ನಬೇಕಾದರೆ ಕನಿಷ್ಠ 5,000 ಜನ ಇರಬೇಕು, ಚದರ ಕಿಲೋಮೀಟರಿಗೆ 400 ಜನ ಇರಬೇಕು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟಿರಬೇಕು. ಮೊದಲ ಎರಡರಲ್ಲಿ ನಮ್ಮ ಲೇಔಟುಗಳು ಫೇಲು. ಅಲ್ಲಿರುವುದು ಒಬ್ಬ ವಾಚ್‌ಮನ್, ಒಂದಷ್ಟು ನಾಯಿ. ಮೂರನೆಯದರಲ್ಲಿ ಮಾತ್ರ ನೂರಕ್ಕೆ ನೂರು. ಬೇಸಾಯ ಮಾಡುವವರು ಯಾರೂ ಇಲ್ಲ. ತೊಗರಿ ಕಿತ್ತು ಕಲ್ಲು ನೆಟ್ಟಾಗಿದೆ. ಈ ಮಣ್ಣಿನ ಬೇಳೆಗೆ ಸರ್ಕಾರದವರು ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತು, ಕೊಟ್ಟರು, ಮಣ್ಣಿಗೆ ನಾವು ಪ್ಲಾಟ್ ನಂಬರ್ ಕೊಟ್ಟೆವು.

2015ರ ಸ್ಮಾರ್ಟ್ ಸಿಟಿ ಯೋಜನೆ ನೆನಪಿದೆಯಲ್ಲ? ಕರ್ನಾಟಕದ ಏಳು ಊರುಗಳಿಗೆ ಭಾಗ್ಯ ಬಂತು. ಕಲ್ಯಾಣ ಕರ್ನಾಟಕದ ಒಂದಕ್ಕೂ ಇಲ್ಲ. ಸರ್ಕಾರ ಕೊಡದಿದ್ದರೇನಾಯಿತು, ಏಜೆಂಟರು ಕೊಟ್ಟರು. ಯಾವ ರಸ್ತೆಯಲ್ಲಿ ಹೊರಟರೂ ಒಂದೊಂದು ಸ್ಮಾರ್ಟ್ ಸಿಟಿ, ಗ್ರೀನ್ ಸಿಟಿ. ಗ್ರೀನ್ ಸಿಟಿಯಲ್ಲಿ ಹಸಿರಾಗಿರುವುದು ಬೋರ್ಡ್ ಒಂದೇ. ಮೇ ತಿಂಗಳಲ್ಲಿ ಅದರ ನೆರಳಿಗೆ ಎಮ್ಮೆ ನಿಲ್ಲುತ್ತವೆ. ಇನ್ನೊಂದು ಕಡೆ ‘ಹಿಲ್ ವ್ಯೂ’ ಅಂತ ಬರೆದಿದ್ದರು. ರೊಟ್ಟಿ ತಟ್ಟಿದ ಹಾಗಿರುವ ನಮ್ಮ ನೆಲದಲ್ಲಿ ಗುಡ್ಡ ಎಲ್ಲಿಂದ ಬಂತು ಅಂತ ಇಳಿದು ನೋಡಿದೆ. ಇತ್ತು. ರಸ್ತೆಗೆಂದು ಸುರಿದು ಹಾಗೇ ಬಿಟ್ಟ ಮುರಂ ಗುಡ್ಡೆ.

‘ನೀರು ಎಲ್ಲಿಂದ ಬರ್ತದ?’ ಅಂತ ಅಲ್ಲಿದ್ದ ಏಜೆಂಟನನ್ನು ಕೇಳಿದೆ.

‘ಬೋರ್ ಹೊಡಿಸ್ರಿ ಸರ.’

‘ಬೋರಿಗೆ ನೀರು ಬೀಳಲಿಲ್ಲಂದ್ರ?’

‘ಟ್ಯಾಂಕರ್‌ನವ ನಮ್ಮ ಹುಡುಗನೇ ಇದ್ದಾನ್ರಿ.’

ಬಹಮನಿ ಸುಲ್ತಾನರು 1347ರಿಂದ ಇಲ್ಲೇ ಕೂತು ಆಳಿದರು. ಆಮೇಲೆ, 15ನೇ ಶತಮಾನದಲ್ಲಿ, ಅಹ್ಮದ್ ಶಾ ರಾಜಧಾನಿಯನ್ನೇ ಬೀದರಿಗೆ ಎತ್ತಿಕೊಂಡು ಹೋದ. ಇವತ್ತಾಗಿದ್ದರೆ ಅವನು ಹೊರಡುವ ಮೊದಲೇ ಹುಮನಾಬಾದ್ ರಸ್ತೆಯುದ್ದಕ್ಕೂ ಪ್ಲಾಟ್ ಬಿದ್ದಿರುತ್ತಿದ್ದವು. ಆದರೆ ಆ ಕಾಲದ ಜನಕ್ಕೆ ಒಂದು ಹಳೇ ಚಟ ಇತ್ತು. ಊರು ಕಟ್ಟಿದರೆ ನೀರಿನ ದಾರಿಯನ್ನೂ ನೋಡುತ್ತಿದ್ದರು. ಬೀದರಿನ ನೌಬಾದಿಗೆ ಹೋದರೆ ಈಗಲೂ ಕರೇಜ್ ಕಾಣುತ್ತದೆ. ಕೆಂಪು ಜಂಬಿಟ್ಟಿಗೆಯ ಅಡಿಯಲ್ಲಿ ಸುರಂಗ ಕೊರೆದು, ತುಸುವೇ ಇಳಿಜಾರು ಕೊಟ್ಟು, ನಡುನಡುವೆ ಬಾವಿಯಂಥ ಬಾಯಿ ಬಿಟ್ಟಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನೇ ನಡೆದು ಬರುತ್ತಿತ್ತು. ಪರ್ಷಿಯಾದ ವಿದ್ಯೆ, ಬೀದರಿನ ಕಲ್ಲು. ನಾವೇನು ಮಾಡಿದೆವು? ಆ ಬಾಯಿಗಳಿಗೆ ಎಷ್ಟೋ ಕಾಲ ಕಸ ತುಂಬಿದೆವು. ಟೆಂಡರ್ ಕರೆಯದೆ ಬಂದ ನೀರನ್ನು ಯಾರು ನಂಬುತ್ತಾರೆ ಹೇಳಿ!

ಪ್ಲಾಟಿಗೆ ವಾಪಸ್ ಬರೋಣ. ಕೆಲವರು ಧೈರ್ಯ ಮಾಡಿ ಮನೆ ಕಟ್ಟಿಯೂ ಬಿಡುತ್ತಾರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅಡಿಪಾಯ ಸರಿಯಾಗಿ ಹಾಕದಿದ್ದರೆ ಗೋಡೆಯೂ ಜೊತೆಗೆ ಬಿರಿಯುತ್ತದೆ. ನಿವೃತ್ತಿಯ ದುಡ್ಡೆಲ್ಲ ಸುರಿದ ಮೇಷ್ಟ್ರು ಚರಂಡಿ ಕೇಳಲು ಹೋದರೆ, ‘ಬಡಾವಣೆ ಇನ್ನೂ ಹಸ್ತಾಂತರ ಆಗಿಲ್ಲ’ ಅನ್ನುತ್ತಾರೆ. ಆ ಆಫೀಸು ಈ ಆಫೀಸಿನ ಕಡೆ ಕೈ ತೋರಿಸುತ್ತದೆ, ಈ ಆಫೀಸು ಪಂಚಾಯಿತಿಯ ಕಡೆ. ತೆರಿಗೆ ಕಟ್ಟಿಸಿಕೊಳ್ಳಲು ಮಾತ್ರ ಎಲ್ಲರಿಗೂ ದಾರಿ ಗೊತ್ತು. ಚರಂಡಿ ಎಲ್ಲಿ ಹೋಗಿ ಸೇರುತ್ತದೆ ಅಂತ ಒಂದು ಮಾತು ಕೇಳದೆ ನಕ್ಷೆಗೆ ಸಹಿ ಹಾಕಿದವರು ಯಾರು? ಮಳೆ ಬಂದಾಗ ಮೊಣಕಾಲುದ್ದ ಕೆಸರಿನಲ್ಲಿ ಬಸುರಿ ಹೆಂಗಸನ್ನು ನಡೆಸಿಕೊಂಡು ಹೋಗುತ್ತಾರಲ್ಲ, ಅವತ್ತಾದರೂ ಆ ಸಹಿಯ ಕೆಳಗೆ ಒಂದು ಹೆಸರು ಕಾಣಬೇಕಿತ್ತು. ಕಾಣುವುದಿಲ್ಲ. ಯಾರೂ ಕೇಳುವುದೂ ಇಲ್ಲ. ಸಾಕಾಗಿದೆ.

ಇಷ್ಟಾಗಿ ಇವನ್ನೆಲ್ಲ ಕೊಳ್ಳುವವರು ಯಾರು? ಭೂಗೋಳಶಾಸ್ತ್ರಜ್ಞ ಮಾರ್ಕ್ ಜೆಫರ್ಸನ್ 1939ರಲ್ಲೇ ಹೇಳಿದ್ದರು, ಕೆಲವು ಕಡೆ ಒಂದೇ ಊರು ಉಳಿದದ್ದನ್ನೆಲ್ಲ ಹಿಂದೆ ಹಾಕಿ ಊದಿಕೊಳ್ಳುತ್ತದೆ, ಎರಡನೆಯದಕ್ಕಿಂತ ದುಪ್ಪಟ್ಟಾದರೂ ಇರುತ್ತದೆ ಅಂತ. ಅವರು ದೇಶಗಳ ಬಗ್ಗೆ ಹೇಳಿದ್ದು, ನಮಗೆ ರಾಜ್ಯವೇ ಸಾಕು. 2011ರ ಗಣತಿಯಲ್ಲಿ ಬೆಂಗಳೂರಿಗೆ 84 ಲಕ್ಷ ಜನ, ಎರಡನೆಯ ಹುಬ್ಬಳ್ಳಿ-ಧಾರವಾಡಕ್ಕೆ 9 ಲಕ್ಷ ಚಿಲ್ಲರೆ, ಕಲಬುರಗಿಗೆ 5 ಲಕ್ಷ ಚಿಲ್ಲರೆ. ಓದಿದ ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ, ಅಪ್ಪ ಇಲ್ಲಿ ಅವನ ಹೆಸರಿಗೆ ಪ್ಲಾಟ್ ಹಿಡಿದು ಕೂತಿದ್ದಾನೆ. ಹೊಲ ಮಾರಿದವನೂ ಬೆಂಗಳೂರಿಗೇ ಗುಳೆ ಹೋಗಿ ಯಾರದೋ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರುತ್ತಾನೆ.

ಏಜೆಂಟನಿಗೆ ಇದನ್ನೇ ಹೇಳಿದೆ. ಅವನಿಗೆ ಬೇಜಾರಾದ ಹಾಗಿತ್ತು. ‘ಅಂವಗ ವಾಪಸ್ ಬಾ ಅನ್ರಿ ಸರ, ಲೇಔಟಿಗೆ ವಾಚ್‌ಮನ್ ಬೇಕಾಗ್ಯಾನ’ ಅಂದ. ಪಗಾರ ಎಷ್ಟು ಅಂತ ಕೇಳಿದೆ.

‘ಇರಾಕ ಶೆಡ್ ಅದರಿ’ ಅಂದ.