ಹಳೇ ಫ್ಯೂಯಲ್ ಪಂಪನ್ನು ದಯವಿಟ್ಟು ಗುಜರಿಗೆ ಹಾಕಬೇಡಿ

ಹಳೇ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡಿರುವ ಯಾರೇ ಸಿಗಲಿ, ಈಗೀಗ ಮಾತು ಸುತ್ತಿ ಬಳಸಿ ಫ್ಯೂಯಲ್ ಪಂಪಿಗೇ, ಅಂದರೆ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿಗೇ, ಬಂದು ನಿಲ್ಲುತ್ತದೆ. ಹೊಸ ಪಂಪ್ ಹಾಕಿಸಿದ ಮೇಲೂ ಘಾಟಿಯಲ್ಲಿ ಗಾಡಿ ನಿಂತಿತು ಅಂತ ಒಬ್ಬರು. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಅಂತ ಇನ್ನೊಬ್ಬರು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಓವರ್‌ಫ್ಲೋ ಆಗ್ತಿದೆ, ಕಾರ್ಬುರೇಟರನ್ನೇ ಬದಲಾಯಿಸಿ ಅಂತ ಗ್ಯಾರೇಜಿನವರು ಹೇಳ್ತಿದ್ದಾರೆ ಅಂತ ಮತ್ತೊಬ್ಬರು. ಕೊನೆಗೆ ಎಲ್ಲರೂ ಕೇಳುವುದು ಒಂದೇ: ಒಳ್ಳೇ ಪಂಪ್ ಎಲ್ಲಿ ಸಿಗುತ್ತೆ?

ಬಹಳಷ್ಟು ಸಲ ಒಳ್ಳೇ ಪಂಪ್ ನಿಮ್ಮ ಗಾಡಿಯಲ್ಲೇ ಇರುತ್ತದೆ. ಕೆಟ್ಟಿರುವುದು ಅದರೊಳಗಿನ ರಬ್ಬರ್. ಡಬ್ಬಿಯಲ್ಲಿ ಬರುವ ಹೊಸ ಪಂಪಿಗಿಂತ, ಹಳೇ ಪಂಪಿನ ಬಾಡಿಯೊಳಗೆ ಈಗಿನ ಪೆಟ್ರೋಲ್ ತಡೆಯುವ ಡಯಾಫ್ರಮ್ (ಆ ರಬ್ಬರಿನ ಪರದೆ) ಹಾಕಿಸಿದರೆ ಅದೇ ಮೇಲು. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪದ್ಮಿನಿಯ ಪಂಪಿನಲ್ಲಿ ಕರೆಂಟಿನ ಕೆಲಸವೇ ಇಲ್ಲ. ಇಂಜಿನ್ನಿನ ಕ್ಯಾಮ್‌ಶಾಫ್ಟ್ ಅನ್ನುವ ದಂಡ ತಿರುಗುವಾಗ ಅದರ ಉಬ್ಬು ಪಂಪಿನ ಲಿವರನ್ನು ಆಡಿಸುತ್ತದೆ. ಲಿವರ್ ಡಯಾಫ್ರಮ್ಮನ್ನು ಎಳೆಯುತ್ತದೆ. ಒಂದು ವಾಲ್ವ್ ತೆರೆದು ಟ್ಯಾಂಕಿನಿಂದ ಪೆಟ್ರೋಲ್ ಒಳಗೆ ಬರುತ್ತದೆ. ಅದನ್ನು ಕಾರ್ಬುರೇಟರಿಗೆ ತಳ್ಳುವುದು ಒಳಗಿನ ಸ್ಪ್ರಿಂಗ್. ಹಾಗಾಗಿ ಪ್ರೆಷರ್ ಎಷ್ಟಿರಬೇಕು ಅಂತ ತೀರ್ಮಾನ ಮಾಡುವುದೂ ಆ ಸ್ಪ್ರಿಂಗೇ. ಕಾರ್ಬುರೇಟರ್ ತುಂಬಿ, ಪೆಟ್ರೋಲ್ ಒಳಬರುವ ಬಾಯಲ್ಲಿರುವ ನೀಡಲ್ ವಾಲ್ವ್ ಮುಚ್ಚಿಕೊಂಡರೆ ಡಯಾಫ್ರಮ್ ಹಿಂದೆಯೇ ನಿಂತು ಕಾಯುತ್ತದೆ, ಲಿವರ್ ಮಾತ್ರ ಸುಮ್ನೆ ಆಡುತ್ತಿರುತ್ತದೆ. ಎಷ್ಟು ಸರಳ, ಎಷ್ಟು ಜಾಣತನದ ಕೆಲಸ ನೋಡಿ. ಒಂದು ಸ್ಪ್ರಿಂಗ್, ಎರಡು ವಾಲ್ವ್, ಒಂದು ರಬ್ಬರ್ ಬಟ್ಟೆ. ಇಷ್ಟರಲ್ಲೇ ಒಂದು ಸಂಸಾರ ಧರ್ಮಸ್ಥಳಕ್ಕೆ ಹೋಗಿ ಬರುತ್ತಿತ್ತು.

ಇದರಲ್ಲಿ ಸವೆಯುವುದು ಮುಖ್ಯವಾಗಿ ಆ ರಬ್ಬರ್ ಬಟ್ಟೆ. ಈಗ ಅದಕ್ಕೆ ಹೊಸ ಪರೀಕ್ಷೆ ಬಂದಿದೆ. ಶೇ. 20 ಎಥನಾಲ್ (ಕಬ್ಬು, ಧಾನ್ಯದಿಂದ ಮಾಡುವ ಆಲ್ಕೋಹಾಲ್) ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಅದಕ್ಕೂ ಮೊದಲೇ, 2022ರಲ್ಲಿ, ದೇಶದ ಪೆಟ್ರೋಲಿನಲ್ಲಿ ಎಥನಾಲ್ ಶೇ. 10ಕ್ಕೆ ಮುಟ್ಟಿತ್ತು. ಫಿಯೆಟ್ 1100 ಡಿಲೈಟ್ ನಮ್ಮ ರಸ್ತೆಗೆ ಬಂದಿದ್ದು 1964ರಲ್ಲಿ, ಅದಕ್ಕೆ ಪದ್ಮಿನಿ ಅಂತ ಹೆಸರಾಗಿದ್ದು 1974ರಲ್ಲಿ. ಆಗಿನ ರಬ್ಬರನ್ನು ಈ ಪೆಟ್ರೋಲಿಗಾಗಿ ಯಾರೂ ಮಾಡಿರಲಿಲ್ಲ. ಎಥನಾಲ್ ತಗುಲಿದರೆ ಅದು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಗಾಡಿ ವಾರಗಟ್ಟಲೆ ನಿಂತು ಪಂಪ್ ಒಣಗಿದರೆ ಗಟ್ಟಿಯಾಗಿ ಬಿರಿಯುತ್ತದೆ. ನಮ್ಮ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಅಲ್ವಾ? ಎಥನಾಲ್ ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಆ ನೀರು ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಸುತ್ತದೆ, ತುಕ್ಕಿನ ಪುಡಿ ಬಂದು ಪಂಪಿನ ವಾಲ್ವಿನಲ್ಲಿ ಕೂರುತ್ತದೆ.

ಎಥನಾಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬು ಬೆಳೆಗಾರರಿಗೆ ಅದರಿಂದ ನಾಲ್ಕು ಕಾಸು ಸೇರಿದರೆ ಸಂತೋಷವೇ. ಆದರೆ ಹಳೇ ಗಾಡಿಯ ಬಿಡಿಭಾಗ ಮಾಡಿ ಮಾರುವವರು ಪೆಟ್ರೋಲ್ ಬದಲಾಗಿದೆ ಅನ್ನುವುದನ್ನು ಗಮನಕ್ಕೆ ತೆಗೆದುಕೊಳ್ಳಲೇಬೇಕು.

ಈಗ ಅಂಗಡಿಯ ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಪದ್ಮಿನಿ ಪಂಪ್ ಸಿಗುತ್ತದೆ. ಶಿವಾಜಿನಗರದ ಗುಜರಿಯಲ್ಲೂ ಸಿಗಬಹುದು, ಚೆನ್ನೈನ ಪುದುಪೇಟೆಯಲ್ಲೂ ಸಿಗಬಹುದು. ಆದರೆ ಮುಂಬೈನಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಾಗ ಇದ್ದ ವ್ಯಾಪಾರ ಈಗ ಇಲ್ಲ. ದಿನವಿಡೀ ಓಡುವ ಗಾಡಿಗೆ ಕೆಟ್ಟ ಪಂಪ್ ಕೊಟ್ಟರೆ ಟ್ಯಾಕ್ಸಿಯವನು ಮಾರನೇ ದಿನವೇ ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದ. ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಯಿಂದ ಇಳಿಯಿತು. ಈಗ ಕೊಳ್ಳುವವರು ನಮ್ಮಂಥ ಭಾನುವಾರದ ಸವಾರರು. ಪಂಪ್ ಕೆಟ್ಟಿದೆ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಬಿಲ್ಲೇ ಕಳೆದುಹೋಗಿರುತ್ತದೆ.

'ಓಲ್ಡ್ ಸ್ಟಾಕ್ ಸಾರ್, ಒರಿಜಿನಲ್, ಸೀಲೇ ಒಡೆದಿಲ್ಲ' ಅಂತ ಕೊಡುವ ಪಂಪುಗಳ ಬಗ್ಗೆ ಒಂದು ಮಾತು. ಅದರ ಬಾಡಿ ಚಿನ್ನದಂಥದ್ದೇ ಇರಬಹುದು. ಆದರೆ ಡಬ್ಬಿಯೊಳಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಮೂವತ್ತು ವರ್ಷ ಕಪಾಟಿನಲ್ಲಿದ್ದ ಡಯಾಫ್ರಮ್ಮನ್ನು ಹಾಗೇ ಗಾಡಿಗೆ ಹಾಕಬೇಡಿ. ಬಾಡಿಗೋಸ್ಕರ ಕೊಳ್ಳಿ, ಒಳಗಿನದನ್ನು ಬದಲಾಯಿಸಿಯೇ ಹಾಕಿ. ಇನ್ನು ಹೊಸದಾಗಿ ತಯಾರಾದ ಲೋಕಲ್ ಪಂಪುಗಳಲ್ಲಿ ಕೆಲವನ್ನು ಸುತ್ತಲೂ ತಗಡು ಮಡಚಿ ಮುಚ್ಚಿರುತ್ತಾರೆ, ಸ್ಕ್ರೂ ಇರುವುದಿಲ್ಲ. ಅದನ್ನು ಬಿಚ್ಚಿ ಒಳಗೇನಿದೆ ಅಂತ ನೋಡುವ ಹಾಗಿಲ್ಲ, ಕೆಟ್ಟರೆ ರಿಪೇರಿಯೂ ಇಲ್ಲ. ಅಂಥದ್ದನ್ನು ನಾನು ಮುಟ್ಟುವುದಿಲ್ಲ.

ನನ್ನ ಗಾಡಿಗೆ ಹಾಕಿಸಿದ್ದ ಒಂದು ಹೊಸ ಪಂಪ್ ಒಂದು ಮಳೆಗಾಲವನ್ನೂ ದಾಟಲಿಲ್ಲ. ಅದನ್ನು ಗ್ಯಾರೇಜಿನಲ್ಲಿ ಬಿಚ್ಚಿಸಿದಾಗ ಡಯಾಫ್ರಮ್ಮಿನ ಅಂಚು ಹಪ್ಪಳದ ಹಾಗೆ ಅಲೆಅಲೆಯಾಗಿ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಕಪ್ಪು ಬಣ್ಣ ಅಂಟುತ್ತಿತ್ತು. ನಮ್ಮ ಮೆಕ್ಯಾನಿಕ್ ಭಾಯ್ ಅದನ್ನು ಪಕ್ಕಕ್ಕಿಟ್ಟು, "ಸಾರ್, ಮೊದಲಿಂದು ಎಲ್ಲಿ? ಬಿಸಾಕಿಲ್ಲ ತಾನೇ? ತಗೊಂಡು ಬನ್ನಿ" ಅಂದರು. ತಂದುಕೊಟ್ಟೆ.

ಅವರು ಕೆಲಸ ಮಾಡಿದ ರೀತಿ ಹೇಳಲೇಬೇಕು. ಬಿಚ್ಚುವ ಮೊದಲು ಮೇಲಿನ ಭಾಗ, ಕೆಳಗಿನ ಭಾಗ ಎರಡಕ್ಕೂ ಸೇರಿಸಿ ಅರದಲ್ಲಿ ಒಂದು ಗೀರು ಎಳೆದರು, ಮತ್ತೆ ಕೂಡಿಸುವಾಗ ಪೈಪಿನ ದಿಕ್ಕು ತಪ್ಪಬಾರದು ಅಂತ. ಗಾಜಿನ ಮೇಲೆ ನೀರುಕಾಗದ (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಹಾಸಿ, ಬಾಡಿಯ ಅಂಚನ್ನು ಅದರ ಮೇಲೆ ನಿಧಾನಕ್ಕೆ ತಿರುಗಿಸಿ ಉಜ್ಜಿದರು. ವರ್ಷಗಟ್ಟಲೆ ಸ್ಕ್ರೂ ಬಿಗಿದೂ ಬಿಗಿದೂ ಆ ಅಂಚು ಸೊಟ್ಟಗಾಗಿರುತ್ತದೆ, ಲೀಕ್ ಆಗುವುದು ಅಲ್ಲಿಂದಲೇ. ಹೊಸ ಡಯಾಫ್ರಮ್ ಕೂರಿಸಿ, ಸ್ಕ್ರೂಗಳನ್ನು ಬರೀ ಬೆರಳಲ್ಲಿ ಹಿಡಿಸಿದರು. ಆಮೇಲೆ ಲಿವರನ್ನು ಪೂರ್ತಿ ಒತ್ತಿ ಹಿಡಿದುಕೊಂಡು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋದರು. ಲಿವರ್ ಬಿಟ್ಟು ಬಿಗಿ ಮಾಡಿದರೆ, ಅದು ಆಡುವಾಗಲೆಲ್ಲ ಡಯಾಫ್ರಮ್ ಜಗ್ಗಿ ಬೇಗ ಹರಿಯುತ್ತದೆ. ರಿಪೇರಿ ಕಿಟ್ ಹಾಕಿದರೂ ಬಾಳಿಕೆ ಬರಲಿಲ್ಲ ಅನ್ನುವ ಎಷ್ಟೋ ಜನರ ಗಾಡಿಯಲ್ಲಿ ತಪ್ಪಿರುವುದು ಈ ಒಂದು ಹೆಜ್ಜೆ. ಕೊನೆಗೆ ಪೆಟ್ರೋಲ್ ಒಳಬರುವ ತೂತಿಗೆ ಬೆರಳಿಟ್ಟು ಲಿವರ್ ಒತ್ತಿ ಬಿಟ್ಟರು. ಬೆರಳನ್ನು ಪಂಪ್ ಹೀರಿ ಹಿಡಿದುಕೊಂಡಿತು. ಈ ಬೆರಳಿನ ಪರೀಕ್ಷೆಯನ್ನು ನೀವು ಅಂಗಡಿಯಲ್ಲಿ ನಿಂತೇ ಮಾಡಬಹುದು. ಬೇಡ ಅನ್ನುವ ಅಂಗಡಿಯಲ್ಲಿ ಪಂಪ್ ಕೊಳ್ಳಬೇಡಿ.

ಡಯಾಫ್ರಮ್ ಯಾವುದು ಹಾಕಬೇಕು? ಎಫ್‌ಕೆಎಂ ರಬ್ಬರಿನದು, ಅಂದರೆ ವೈಟಾನ್ ಅಂತ ಎಲ್ಲರೂ ಕರೆಯುವ ಜಾತಿ, ಒಳಗೆ ಬಟ್ಟೆ ಸೇರಿಸಿದ್ದು. ಅದು ಎಥನಾಲಿಗೆ ಚೆನ್ನಾಗಿ ತಡೆಯುತ್ತದೆ. ಮಾರುವವರು ಸುಮ್ನೆ 'ಇ20ಗೆ ಆಗುತ್ತೆ' ಅಂದರೆ ನಂಬಬೇಡಿ, ರಬ್ಬರ್ ಯಾವುದು ಅಂತ ಕೇಳಿ. ಒಂದು ತುಂಡು ಸಿಕ್ಕರೆ ವರ್ನಿಯರಿನಲ್ಲಿ ದಪ್ಪ ಅಳೆದು, ಬಂಕಿನ ಪೆಟ್ರೋಲಿನಲ್ಲಿ ಮುಚ್ಚಳ ಹಾಕಿದ ಗಾಜಿನ ಸೀಸೆಯಲ್ಲಿ ಒಂದು ವಾರ ನೆನೆಹಾಕಿ, ಮತ್ತೆ ಅಳೆಯಿರಿ. ಉತ್ತರ ಅಲ್ಲೇ ಸಿಗುತ್ತದೆ. ಹಾಗೇ ಪೈಪನ್ನೂ ಬದಲಾಯಿಸಿ. ಹೋಸ್ ಮೇಲೆ ಜೆ30 ಆರ್9 (J30 R9) ಅಂತ, ಎಥನಾಲ್ ಪೆಟ್ರೋಲಿಗೂ ತಡೆಯುವ ಪೈಪಿನ ಗುರುತು, ಅಚ್ಚಾಗಿರುವುದನ್ನು ಕೇಳಿ. ಪಂಪ್ ಹೊಸದು ಮಾಡಿ ಪೈಪ್ ಹಳೇದೇ ಬಿಟ್ಟರೆ ಪ್ರಯೋಜನ ಇಲ್ಲ.

'ಇಷ್ಟೆಲ್ಲಾ ಯಾಕೆ, ಎಲೆಕ್ಟ್ರಿಕ್ ಪಂಪ್ ಹಾಕಿಬಿಡಿ' ಅನ್ನುವವರಿದ್ದಾರೆ. ಹಾಕಬಹುದು, ಆದರೆ ತಿಳಿದು ಹಾಕಬೇಕು. ಕಾರ್ಬುರೇಟರ್ ಗಾಡಿಗೆ ಬೇಕಾಗಿರುವುದು 2ರಿಂದ 4 ಪಿಎಸ್‌ಐ ಪ್ರೆಷರ್. ಇಂಜೆಕ್ಷನ್ ಗಾಡಿಯ ಪಂಪ್ 40 ಪಿಎಸ್‌ಐ ಆಸುಪಾಸು ತಳ್ಳುತ್ತದೆ. ಅದನ್ನು ಪದ್ಮಿನಿಗೆ ಹಾಕಿದರೆ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಹರಿಯುತ್ತದೆ. ಎಲೆಕ್ಟ್ರಿಕ್ ಪಂಪಿಗೆ ಎಳೆಯುವ ಶಕ್ತಿ ಕಡಿಮೆ, ತಳ್ಳುವ ಶಕ್ತಿ ಜಾಸ್ತಿ. ಆದ್ದರಿಂದ ಅದು ಟ್ಯಾಂಕಿನ ಹತ್ತಿರ ಇರಬೇಕು. ಫ್ಯೂಸ್, ರಿಲೇ ಬೇಕೇ ಬೇಕು. ಜೊತೆಗೆ ಇಂಜಿನ್ ನಿಂತರೆ ಅಥವಾ ಗಾಡಿ ಗುದ್ದಿದರೆ ಪಂಪನ್ನೂ ನಿಲ್ಲಿಸುವ ಒಂದು ಸ್ವಿಚ್ ಇರಲೇಬೇಕು. ಮೆಕ್ಯಾನಿಕಲ್ ಪಂಪಿನಲ್ಲಿ ಈ ಭದ್ರತೆ ತಾನಾಗೇ ಇದೆ, ಇಂಜಿನ್ ನಿಂತರೆ ಪಂಪೂ ನಿಂತಿತು. ನನಗೆ ಅದು ಮೆಚ್ಚುಗೆಯಾಗಲು ಇದೂ ಒಂದು ಕಾರಣ.

ಮಾರಿಸ್ ಮೈನರ್ ಇರುವವರ ಕಥೆ ಬೇರೆ. ಅದಕ್ಕೆ ಕಂಪನಿಯಿಂದಲೇ ಎಸ್‌ಯು ಬ್ರಾಂಡಿನ ಎಲೆಕ್ಟ್ರಿಕ್ ಪಂಪ್ ಬರುತ್ತಿತ್ತು. ಅಂಥ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಗಾಡಿಯ ಲೋಹದ ಮೈಗೆ ಅರ್ಥ್ (earth) ಮಾಡಿರುತ್ತಾರೆ. ಕರೆಂಟ್ ಕೊಟ್ಟು ಬಿಡುವ ಲೋಹದ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ ಹೊಸ ಪಂಪ್ ತರಿಸುವುದಾದರೆ, ನಿಮ್ಮ ಗಾಡಿಯ ಅರ್ಥ್ ಯಾವುದು ಅಂತ ನೋಡಿ ಅದಕ್ಕೆ ಹೊಂದುವುದನ್ನೇ ಕೇಳಿ. ಉಲ್ಟಾ ಕೊಟ್ಟರೆ ಸುಟ್ಟುಹೋಗುತ್ತದೆ.

ಒಂದು ವಿಷಯವನ್ನಂತೂ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಡಯಾಫ್ರಮ್ ಹರಿದರೆ ಪೆಟ್ರೋಲ್ ಹೊರಗೇ ಸೋರಬೇಕು ಅಂತೇನಿಲ್ಲ. ಒಳಗಿಂದೊಳಗೇ ಇಂಜಿನ್ ಆಯಿಲಿಗೆ ಇಳಿಯಬಹುದು. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ಏರಿದ್ದರೆ, ಮೂಗಿನ ಹತ್ತಿರ ಹಿಡಿದಾಗ ಪೆಟ್ರೋಲ್ ವಾಸನೆ ಹೊಡೆದರೆ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ತೆಳ್ಳಗಾದ ಆಯಿಲಿನಲ್ಲಿ ಬೇರಿಂಗ್ ಹೋಗುತ್ತದೆ, ಬೆಂಕಿಯ ಭಯ ಬೇರೆ. ಪಂಪ್ ಸರಿಮಾಡಿಸಿ, ಆಯಿಲ್ ಪೂರ್ತಿ ಬದಲಾಯಿಸಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಈಗ ಕೆಲಸದ ಮಾತು. ಬೆಂಗಳೂರಿನ ಪೀಣ್ಯದಲ್ಲಿ ರಬ್ಬರ್ ಮೋಲ್ಡಿಂಗ್ ಮಾಡುವ ಸಣ್ಣ ಸಣ್ಣ ಘಟಕಗಳಿವೆ. ಒಂದು ಡಯಾಫ್ರಮ್ಮಿಗೆ ಯಾರೂ ಅಚ್ಚು ಮಾಡುವುದಿಲ್ಲ, ಅದು ಅವರಿಗೆ ಗಿಟ್ಟುವುದೂ ಇಲ್ಲ. ನಾವೆಲ್ಲ ಸೇರಿ ಒಟ್ಟಿಗೆ ಆರ್ಡರ್ ಕೊಟ್ಟರೆ ಮಾತಾಡಬಹುದು. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಪದ್ಮಿನಿಗಳೂ ಸೇರಲಿ. ಅಂಬಾಸಿಡರ್, ಹೆರಾಲ್ಡ್ ಇರುವವರೂ ಬನ್ನಿ, ಅಳತೆ ಬೇರೆಯಾದರೂ ರಬ್ಬರ್ ಹಾಳೆ ಒಂದೇ ತರಿಸಬಹುದು. ನಿಮ್ಮ ಪಂಪಿನ ಡಯಾಫ್ರಮ್ಮಿನ ಅಗಲ, ಸುತ್ತಲಿನ ತೂತುಗಳ ಲೆಕ್ಕ, ನಡುವಿನ ಕಡ್ಡಿಯ ಉದ್ದ, ಈ ಮೂರನ್ನು ಕಾಮೆಂಟಿನಲ್ಲಿ ಹಾಕಿ. ಬಾಡಿ ಮೇಲಿನ ನಂಬರ್ ಕಾಣುವ ಹಾಗೆ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಪಟ್ಟಿ ಮಾಡಿಕೊಂಡು ಘಟಕದವರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ.