ಚಿರತೆಗೆ ಮರೆಯಾಗಲು ಒಂದು ಪೊದೆಯನ್ನೂ ಉಳಿಸಲಿಲ್ಲವಲ್ಲ!

ನಮ್ಮ ಮೃಗಾಲಯದಲ್ಲಿ ಚಿರತೆಯ ಆವರಣದೊಳಗಿದ್ದ ಪೊದೆಗಳನ್ನೆಲ್ಲ ಬುಡಸಮೇತ ಕಿತ್ತುಹಾಕಿದ್ದಾರೆ. ಬಿದಿರಿನ ಮೆಳೆಯೂ ಹೋಯಿತು, ಹಿಂದಿನ ಮೂಲೆಯಲ್ಲಿ ಆಳೆತ್ತರ ಬೆಳೆದಿದ್ದ ಹುಲ್ಲೂ ಹೋಯಿತು. ಯಾಕೆ ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಜನ ಕಂಪ್ಲೇಂಟ್ ಮಾಡ್ತಾರೆ, ಟಿಕೆಟ್ ತಗೊಂಡು ಬಂದ್ರೂ ಚಿರತೆ ಕಾಣ್ಸಲ್ಲ ಅಂತಾರೆ." ಆ ಮಾತು ಕೇಳಿದಾಗಿನಿಂದ ನನ್ನ ಹೊಟ್ಟೆ ಉರಿಯುತ್ತಲೇ ಇದೆ.

ಚಿರತೆ ಅಂದರೇನೇ ಕಾಣದೆ ಬದುಕುವ ಪ್ರಾಣಿ. ಅದರ ಮೈಮೇಲಿನ ಚುಕ್ಕೆ ಇರುವುದೇ ಎಲೆಯ ನೆರಳಲ್ಲಿ ಕರಗಿಹೋಗಲು. ಬೇಟೆಯಾಡುವುದು ಮರೆಯಿಂದ, ಮರಿ ಹಾಕುವುದು ಮರೆಯಲ್ಲಿ, ಹೊಟ್ಟೆ ತುಂಬಿದ ಮೇಲೆ ಮಲಗುವುದೂ ಮರೆಯಲ್ಲಿ. ಅಂಥ ಜೀವವನ್ನು ಬೋಳು ನೆಲದ ಮೇಲೆ ಬಿಟ್ಟು, ಮೂರು ಕಡೆ ಗಾಜು ಹಾಕಿ, ಬೆಳಗಿನಿಂದ ಸಂಜೆವರೆಗೆ ಜನರ ಮುಂದೆ ನಿಲ್ಲಿಸಿದ್ದೀರಿ. ನಿಮ್ಮ ಮನೆಯ ಗೋಡೆಗಳನ್ನೆಲ್ಲ ಕೆಡವಿ ಊರಿನವರೆಲ್ಲ ಸಾಲುಗಟ್ಟಿ ನೋಡುತ್ತ ನಿಂತರೆ ನೀವು ಊಟ ಮಾಡುತ್ತೀರಾ, ನಿದ್ದೆ ಮಾಡುತ್ತೀರಾ?

ವರ್ಷಗಳಿಂದ ನಾನು ಹೋಗಿ ನೋಡುತ್ತ ಬಂದ ಚಿರತೆ ಅದು. ಮೊದಲೆಲ್ಲ ಸುಮ್ಮನೆ ಕಾದು ನಿಂತರೆ ಮೆಳೆಯೊಳಗೆ ಒಂದು ಕಿವಿ ಅಲುಗುತ್ತಿತ್ತು. ಆಮೇಲೆ ಬಾಲದ ತುದಿ. ಜನ ಕಡಿಮೆಯಾದ ಹೊತ್ತಿಗೆ ತಾನಾಗಿಯೇ ಎದ್ದು ಬಂದು, ಮೈಮುರಿದು, ಮರದ ದಿಮ್ಮಿಗೆ ಉಗುರು ಮಸೆದು, ಕೊಂಬೆ ಹತ್ತಿ ಮಲಗುತ್ತಿತ್ತು. ಈಗ ಗಾಜಿನ ಉದ್ದಕ್ಕೂ ಹಿಂದಕ್ಕೂ ಮುಂದಕ್ಕೂ ಅಡ್ಡಾಡುತ್ತದೆ. ತಿರುಗುವುದು ಅದೇ ಜಾಗದಲ್ಲಿ. ತಿರುಗುವಾಗ ತಲೆಯನ್ನು ಒಂದೇ ರೀತಿ ಮೇಲಕ್ಕೆ ಕೊಡವುತ್ತದೆ. ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದು ಅಲ್ಲಿ ನೆಲ ಸವೆದು ಕಾಲುದಾರಿಯೇ ಆಗಿಹೋಗಿದೆ.

ಅದನ್ನು ನೋಡಿ ಜನ ಹೇಳುವುದೇನು? "ಅಬ್ಬಾ, ಎಷ್ಟು ಆ್ಯಕ್ಟಿವ್ ಆಗಿದೆ ನೋಡು!" ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ತೋರಿಸುತ್ತಾರೆ. ಅದು ಚಟುವಟಿಕೆ ಅಲ್ಲ ರೀ, ಸಂಕಟ! ಗುರಿಯಿಲ್ಲದೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಈ ನಡವಳಿಕೆ ಸೆರೆಯಲ್ಲಿರುವ ಪ್ರಾಣಿಗಳಲ್ಲಿ ಕಾಣುವಂಥದ್ದು. ಆನೆ ನಿಂತಲ್ಲೇ ತೂಗಾಡುತ್ತದೆ, ಗಿಣಿ ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತದೆ, ಕರಡಿ ಎಂಟರ ಆಕಾರದಲ್ಲಿ ಸುತ್ತುತ್ತದೆ. ಮೃಗಾಲಯ ನಡೆಸುವವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಪೊದೆ ಕಿತ್ತರಲ್ಲ, ಸಿಟ್ಟು ಬರುವುದು ಅದಕ್ಕೇ.

ಪೊದೆ ಇದ್ದರೆ ಏನಾಗುತ್ತದೆ ಅಂತ ಅಳೆದು ನೋಡಿದವರಿದ್ದಾರೆ. ಕ್ಯಾಥಿ ಕಾರ್ಲ್‌ಸ್ಟೆಡ್ ಮತ್ತು ಸಂಗಡಿಗರು ಚಿರತೆ ಬೆಕ್ಕುಗಳ (ಚಿರತೆಯಂತೆ ಚುಕ್ಕೆಯಿರುವ ಸಣ್ಣ ಕಾಡುಬೆಕ್ಕುಗಳ) ಮೇಲೆ ನಡೆಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಬರಿದಾದ ಬೋನಿನಲ್ಲಿದ್ದಾಗ ಅವುಗಳ ಮೈಯಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತ್ತು, ಅಡ್ಡಾಟವೂ ಹೆಚ್ಚಿತ್ತು. ಅಡಗಿಕೊಳ್ಳಲು ಜಾಗ ಮಾಡಿಕೊಟ್ಟ ಮೇಲೆ ಎರಡೂ ಇಳಿದವು. ಅದಕ್ಕೆ ಬೇಕಾದದ್ದು ಕೊಂಬೆ, ಗಿಡ, ಒಳಗೆ ನುಸುಳಿ ಕೂರುವಂಥ ಮರೆ, ಅಷ್ಟೇ. ಮೂವತ್ತು ವರ್ಷಕ್ಕೂ ಹಿಂದೆ ತಿಳಿದ ಸಂಗತಿಯನ್ನು ಈಗ ಹೊಸ ಗಾಜು, ಹೊಸ ಬಣ್ಣ, ಹೊಸ ಸೆಲ್ಫಿ ಪಾಯಿಂಟ್ ಹೆಸರಲ್ಲಿ ಮಣ್ಣುಪಾಲು ಮಾಡುತ್ತಿದ್ದಾರೆ.

ಗಾಜಿನದ್ದು ಬೇರೆಯೇ ಗೋಳು. ಗಾಜು ಬಂತು ಅಂದರೆ ಬಡಿಯುವವರು ಬಂದರು ಅಂತಲೇ ಅರ್ಥ. ಉಂಗುರದ ಕೈಯಲ್ಲಿ ಟಕಟಕ ಅಂತ ಕುಟ್ಟುವವರು, ಕಾರಿನ ಕೀಲಿಯಲ್ಲಿ ಗೀರುವವರು, ಪ್ರಾಣಿ ಮಲಗಿದ್ದರೆ "ಏಯ್, ಎದ್ದೇಳೋ" ಅಂತ ಕೂಗುವವರು. ಮನುಷ್ಯನ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಮನೆಯಲ್ಲಿ ಸಾಕುವ ಬೆಕ್ಕಿಗೇ 60 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ಆ ಕುಲದ ದೊಡ್ಡ ಪ್ರಾಣಿಯ ಮೂತಿಯ ಪಕ್ಕದಲ್ಲೇ ಬಡಿದರೆ ಅದರ ಗತಿಯೇನು? ತಡೆಯಲು ಅಲ್ಲೊಬ್ಬ ಕಾವಲುಗಾರನೂ ಇಲ್ಲ. "ಗಾಜು ಬಡಿಯಬೇಡಿ" ಎಂಬ ಫಲಕವಿದೆ, ಅದಕ್ಕೇ ಒರಗಿಕೊಂಡು ಬಡಿಯುತ್ತಾರೆ. ಒಮ್ಮೆ ತಡೆಯಲು ಹೋದರೆ "ನಿಮ್ಮಪ್ಪನ ಮನೆ ಚಿರತೆನಾ?" ಅಂತ ನನ್ನನ್ನೇ ದಬಾಯಿಸಿದರು. ಪಕ್ಕದಲ್ಲಿದ್ದ ಮಗು ಅಪ್ಪನನ್ನು ನೋಡಿ ತಾನೂ ಬಡಿಯಲು ಶುರುಮಾಡಿತು.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೇ ಬಂದಿಲ್ಲ. ಆವರಣದ ಹಿಂಭಾಗದಲ್ಲಿ ರಾತ್ರಿ ಮಲಗುವ ಕೋಣೆ ಇರುತ್ತದೆ. ಹಗಲು ಅದರ ಬಾಗಿಲು ಹಾಕಿಬಿಡುತ್ತಾರೆ. ಯಾಕೆಂದರೆ ಬಾಗಿಲು ತೆರೆದಿದ್ದರೆ ಚಿರತೆ ಒಳಗೆ ಹೋಗಿ ಮಲಗುತ್ತದೆ, ನೋಡುಗರಿಗೆ ಕಾಣುವುದಿಲ್ಲ! ಬಿಸಿಲು ಏರಲಿ, ಶಾಲೆಯ ಮಕ್ಕಳ ದಂಡೇ ಬಂದು ಕಿರುಚಲಿ, ಅದು ಹೊರಗೇ ಇರಬೇಕು. ಸಂಜೆ ಗೇಟು ಹಾಕುವ ಹೊತ್ತಿಗೆ ಅದು ಆ ಮುಚ್ಚಿದ ಬಾಗಿಲಿಗೆ ಮೂತಿ ಒತ್ತಿಕೊಂಡು ನಿಂತಿರುವುದನ್ನು ನೋಡಿ ಕರುಳು ಹಿಂಡಿದಂತಾಗಿದೆ. ಆ ಬಾಗಿಲು ಹಗಲೂ ತೆರೆದಿರಲಿ, ಬೇಕಾದಾಗ ಹೋಗಲಿ, ಬೇಕಾದಾಗ ಬರಲಿ. ಇದಕ್ಕೆ ಖರ್ಚಿಲ್ಲ, ಟೆಂಡರ್ ಕರೆಯಬೇಕಾಗಿಲ್ಲ.

ಪ್ರಾಣಿಪಾಲಕರ ಮೇಲೆ ನನ್ನ ದೂರಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಪೊದೆ ಕೀಳುವಾಗ ಬೇಡ ಅಂದವರೇ ಅವರು. ನೀರುನಾಯಿಗಳ ಆವರಣ ನೋಡಿ: ಕಲ್ಲಿನ ಸಂದು, ಮಣ್ಣಿನ ದಂಡೆ, ಬೇರಿನ ಕೆಳಗೆ ಬಿಲ, ಎಲ್ಲವನ್ನೂ ಅಲ್ಲಿನ ಪಾಲಕರು ತಮ್ಮ ಕೈಯಾರೆ ಮಾಡಿದ್ದಾರೆ. ಮೀನನ್ನು ಒಂದೇ ಕಡೆ ಸುರಿಯದೆ ಅಲ್ಲಲ್ಲಿ ಅಡಗಿಸಿಡುತ್ತಾರೆ. ಆ ನೀರುನಾಯಿಗಳು ಹುಡುಕುತ್ತವೆ, ಮುಳುಗುತ್ತವೆ, ಜಗಳವಾಡುತ್ತವೆ, ಸಾಕಾದಾಗ ಬಿಲಕ್ಕೆ ಹೋಗುತ್ತವೆ. ಬಿಲಕ್ಕೆ ಹೋದದ್ದಕ್ಕೆ ಯಾರೂ ದುಡ್ಡು ವಾಪಸ್ ಕೇಳಿದ್ದನ್ನು ನಾನು ಕಂಡಿಲ್ಲ. ಹತ್ತು ನಿಮಿಷ ನಿಂತರೆ ಮತ್ತೆ ಹೊರಬರುತ್ತವೆ, ಜನ ಅಲ್ಲೇ ಹೆಚ್ಚು ಹೊತ್ತು ನಿಲ್ಲುವುದೂ ಹೌದು.

"ಜಾಗ ಸಾಲದು, ಏನ್ಮಾಡೋದು" ಅನ್ನುವ ವಾದವೂ ಕೇಳಿಬರುತ್ತದೆ. ಕಾಡಿನಷ್ಟು ಜಾಗ ಯಾವ ಮೃಗಾಲಯವೂ ಕೊಡಲಾರದು. ರೋಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಿಮಕರಡಿಗೆ ಮೃಗಾಲಯಗಳಲ್ಲಿ ಸಿಗುವ ಆವರಣ ಅದರ ಕನಿಷ್ಠ ಸಂಚಾರ ಪ್ರದೇಶದ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ. ಆದರೆ ಜಾಗ ಕಡಿಮೆ ಇದ್ದಷ್ಟೂ ಮರೆ ಹೆಚ್ಚು ಬೇಕು. ಕಾಡಿನಲ್ಲಾದರೆ ಮನುಷ್ಯ ಹತ್ತಿರ ಬಂದಾಗ ಪ್ರಾಣಿ ದೂರ ಸರಿಯುತ್ತದೆ. ಹೀಗೆ ಸರಿಯಲು ಪ್ರತಿ ಪ್ರಾಣಿಗೂ ಅದರದೇ ಆದ ಒಂದು ಅಂತರ ಬೇಕು ಎಂದು ಸ್ವಿಟ್ಜರ್‌ಲೆಂಡಿನ ಮೃಗಾಲಯಗಳನ್ನು ನಡೆಸಿದ ಹೈನಿ ಹೆಡಿಗರ್ ಬಹಳ ಹಿಂದೆಯೇ ತಿಳಿಸಿಕೊಟ್ಟಿದ್ದರು. ದೂರ ಸರಿಯಲು ಜಾಗವಿಲ್ಲ, ಮರೆಯಾಗಲು ಪೊದೆಯಿಲ್ಲ, ಒಳಗೆ ಹೋಗಲು ಬಾಗಿಲಿಲ್ಲ. ಮೂರನ್ನೂ ಕಿತ್ತುಕೊಂಡರೆ ಉಳಿಯುವುದು ಆ ಅಡ್ಡಾಟ ಒಂದೇ.

ಹಾಂಗ್‌ಕಾಂಗಿನ ಓಷನ್ ಪಾರ್ಕ್‌ನಲ್ಲಿ ಯಿಂಗ್ ಯಿಂಗ್, ಲೆ ಲೆ ಎಂಬ ಎರಡು ಪಾಂಡಾಗಳಿವೆ. ವರ್ಷಗಟ್ಟಲೆ ಪ್ರಯತ್ನಿಸಿದರೂ ಅವು ಸಹಜವಾಗಿ ಕೂಡಿರಲಿಲ್ಲ. ಕೊರೊನಾ ಕಾಲದಲ್ಲಿ ಪಾರ್ಕ್ ಮುಚ್ಚಿ ನೋಡುಗರೇ ಇಲ್ಲದಿದ್ದಾಗ, 2020ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಕೂಡಿದವು. ಜನ ಇಲ್ಲದ್ದೇ ಕಾರಣ ಅಂತ ಅದೊಂದರಿಂದ ಸಾಧಿಸಲಾಗದು, ಆದರೂ ಸುದ್ದಿ ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಪ್ರಾಣಿಗೂ ನೆಮ್ಮದಿ, ನೋಡುಗನಿಗೂ ನೋಟ, ಎರಡೂ ಸಿಗುವ ದಾರಿಗಳಿವೆ. ಗಾಜು ಒಂದೇ ಕಡೆ ಇರಲಿ. ಉಳಿದ ಕಡೆ ಬಿದಿರಿನ ತಟ್ಟಿ ಕಟ್ಟಿ, ಅದರಲ್ಲಿ ಕಣ್ಣಳತೆಗೆ ಸಣ್ಣ ಕಿಂಡಿ ಬಿಡಿ. ಜನ ಒಬ್ಬೊಬ್ಬರಾಗಿ ಇಣುಕಿ ನೋಡಲಿ, ಸದ್ದೂ ತಾನಾಗಿ ಇಳಿಯುತ್ತದೆ. ಜನರ ತಲೆಗಿಂತ ಎತ್ತರಕ್ಕೆ ಅಟ್ಟಣಿಗೆ ಹಾಕಿ. ಎತ್ತರದಲ್ಲಿದ್ದರೆ ಚಿರತೆಗೆ ಧೈರ್ಯ, ಕೆಳಗಿನವರಿಗೂ ಚೆನ್ನಾಗಿ ಕಾಣುತ್ತದೆ. ಚಳಿಯ ದಿನ ಬೆಚ್ಚಗಿರುವ ಬಂಡೆಯನ್ನು ಗಾಜಿನ ಸಮೀಪ ಇಟ್ಟರೆ ಅದು ತಾನೇ ಬಂದು ಮಲಗುತ್ತದೆ. ಇವೆಲ್ಲ ಬೇರೆ ಮೃಗಾಲಯಗಳಲ್ಲಿ ಮಾಡಿ ನೋಡಿರುವ ಕೆಲಸಗಳೇ.

ಈಗ ಕಿರುಬನ ಸರದಿಯಂತೆ. ಅದರ ಆವರಣದ ಮುಂದೆ ಪಿಕಾಸಿ, ಗುದ್ದಲಿ ತಂದಿಟ್ಟಾಗಿದೆ. ಹಗಲೆಲ್ಲ ಗುಹೆಯಲ್ಲಿ ಮಲಗಿ ಕತ್ತಲಾದ ಮೇಲೆ ಏಳುವ ಪ್ರಾಣಿಗೂ ಇದೇ ಗತಿ ಕಾಣಿಸಲು ಹೊರಟಿದ್ದಾರೆ. ನಾನು ಲಿಖಿತ ದೂರು ಕೊಟ್ಟೆ. ತೆಗೆದುಕೊಂಡವರು ದೂರಿನ ಪುಸ್ತಕ ತೆರೆದು ತೋರಿಸಿದರು: ಪುಟ ಪುಟವೂ "ಪ್ರಾಣಿ ಕಾಣಲಿಲ್ಲ", "ಹುಲಿ ಮಲಗಿತ್ತು", "ಚಿರತೆ ಇಲ್ಲವೇ ಇಲ್ಲ". ಪೊದೆ ಇರಲಿ ಅಂತ ಬರೆದವರು ಒಬ್ಬರೂ ಇಲ್ಲ. ಇವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ಪುಸ್ತಕವನ್ನೇ ಆದರೆ, ಈ ವಾರ ಹೋಗುವವರೆಲ್ಲ ದಯವಿಟ್ಟು ಅದನ್ನು ಕೇಳಿ ಪಡೆದು ಎರಡು ಸಾಲು ಬರೆಯಿರಿ: ಚಿರತೆಯ ಪೊದೆಗಳನ್ನು ಮತ್ತೆ ನೆಡಿ, ಹಿಂದಿನ ಬಾಗಿಲು ಹಗಲೂ ತೆರೆದಿಡಿ, ಕಿರುಬನ ಗುಹೆಗೆ ಕೈ ಹಾಕಬೇಡಿ.