ಸತ್ಯಾಂಶ: ಲಿಂಕನ್ ಸೋಲಿನ ಪಟ್ಟಿಯಲ್ಲಿ ಬಿಟ್ಟುಹೋದದ್ದು

ಅಬ್ರಹಾಂ ಲಿಂಕನ್ ಬಗ್ಗೆ ಒಂದು ಮೆಸೇಜ್ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ವ್ಯಾಪಾರದಲ್ಲಿ ಸೋತರು, ಚುನಾವಣೆಯಲ್ಲಿ ಸೋತರು, ಮತ್ತೆ ಮತ್ತೆ ಸೋತರು, ಕೊನೆಗೆ 1860ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದರು ಅಂತ. ಪಟ್ಟಿ ಪೂರ್ತಿ ಸುಳ್ಳಲ್ಲ. ಆದರೆ ನಡುವಿನ ಗೆಲುವುಗಳನ್ನೆಲ್ಲ ಸುಮ್ನೆ ಅಳಿಸಿಬಿಟ್ಟಿದ್ದಾರೆ.

1832ರ ಸೋಲನ್ನೇ ನೋಡಿ. ಇಲಿನಾಯ್ ರಾಜ್ಯದ ಶಾಸನಸಭೆಗೆ ನಿಂತು ಸೋತದ್ದು ನಿಜ. ಆಗ ಅವರಿಗೆ 23 ವರ್ಷ, ನ್ಯೂ ಸೇಲಂ ಎಂಬ ಪುಟ್ಟ ಊರಿಗೆ ಬಂದು ವರ್ಷವಷ್ಟೇ ಆಗಿತ್ತು, ಆದರೂ ಆ ಊರಿನ ಮತಗಟ್ಟೆಯಲ್ಲಿ ಬಿದ್ದ 300 ಮತಗಳಲ್ಲಿ 277 ಅವರಿಗೇ ಬಂದವು. ಹತ್ತಿರದಿಂದ ಬಲ್ಲವರು ಕೈಬಿಟ್ಟಿರಲಿಲ್ಲ ಅಲ್ವಾ! 1834ರಲ್ಲಿ ಗೆದ್ದರು. ಆಮೇಲೆ 1836, 1838, 1840ರಲ್ಲೂ ಗೆದ್ದರು.

ಅಂಗಡಿ ಮುಳುಗಿದ್ದೂ ನಿಜ. ಪಾಲುದಾರ ವಿಲಿಯಂ ಬೆರ್ರಿ ತೀರಿಕೊಂಡ ಮೇಲೆ ಅವರ ಪಾಲಿನ ಸಾಲವೂ ಲಿಂಕನ್ ತಲೆಗೇ ಬಂತು. ವರ್ಷಗಟ್ಟಲೆ ತೀರಿಸಿದರು.

1848ರಲ್ಲಿ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತಿನ) ಚುನಾವಣೆ ಸೋತರು ಅಂತ ಪಟ್ಟಿಯಲ್ಲಿರೋದು ಮಾತ್ರ ಅಪ್ಪಟ ಸುಳ್ಳು. 1846ರಲ್ಲಿ ಗೆದ್ದು ವಾಷಿಂಗ್ಟನ್‌ಗೆ ಹೋಗಿದ್ದರು. ಆಗ ಅವರಿದ್ದ ವಿಗ್ ಪಕ್ಷದೊಳಗೆ ಒಬ್ಬೊಬ್ಬರಿಗೆ ಒಂದೊಂದು ಅವಧಿ ಎಂಬ ಹೊಂದಾಣಿಕೆ ಇದ್ದದ್ದರಿಂದ ಎರಡನೇ ಸಲ ನಿಲ್ಲಲೇ ಇಲ್ಲ. ನಿಲ್ಲದ ಚುನಾವಣೆ ಸೋಲೋದು ಹೇಗೆ?

1855 ಮತ್ತು 1858ರಲ್ಲಿ ಸೆನೆಟ್‌ಗೆ, ಅಂದರೆ ಸಂಸತ್ತಿನ ಮೇಲ್ಮನೆಗೆ, ನಿಂತು ಸೋತದ್ದು ನಿಜ. ಆದರೆ ಆಗ ಸೆನೆಟರನ್ನು ಆರಿಸುತ್ತಿದ್ದದ್ದು ಜನರಲ್ಲ, ರಾಜ್ಯದ ಶಾಸಕರು. 1858ರಲ್ಲಿ ಎದುರಾಳಿ ಸ್ಟೀಫನ್ ಡಗ್ಲಸ್ ಜತೆ ಏಳು ಊರುಗಳಲ್ಲಿ ನಡೆದ ಚರ್ಚೆಗಳನ್ನು ಪತ್ರಿಕೆಗಳು ಪುಟಗಟ್ಟಲೆ ಅಚ್ಚು ಹಾಕಿದವು, ಲಿಂಕನ್ ಹೆಸರು ದೇಶಕ್ಕೆಲ್ಲ ಗೊತ್ತಾದದ್ದೇ ಆಗ.